ಒದರುವ ಎಮ್ಮೆಯನ್ನು ನೀವು ಯಾಕೆ ನೋಡಲಿಲ್ಲ

ನೆಮ್ಮದಿ ಶಕೆ ಇನ್ನೂರ ಹನ್ನೊಂದು, ಹದಿನಾಲ್ಕನೆಯ ತಿಂಗಳು, ಎರಡನೆಯ ಹುಣ್ಣಿಮೆಯ ಮರುದಿನ

ಹಿಂದಿನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಒಂದೇ ತಿಂಗಳಿಗೆ ಎರಡು ಹುಣ್ಣಿಮೆ ಹೇಗೆ ಎಂದು ಕೇಳಲೂಬೇಡಿ. ಅಮಾವಾಸ್ಯೆ ಎಂಬ ಶಬ್ದ ಕಿವಿಗೆ ಬಿದ್ದರೆ ಜನರಿಗೆ ಕಸಿವಿಸಿಯಾಗುತ್ತದೆ ಎಂದು ನಮ್ಮ ಹಿರಿಯರು ಅದನ್ನು ಕಿತ್ತುಹಾಕಿ, ಆ ಕತ್ತಲ ದಿನಕ್ಕೂ ಹುಣ್ಣಿಮೆ ಎಂದೇ ಹೆಸರಿಟ್ಟರು. ಇಂಥ ಪತ್ರ ಬರೆಯುವವರು ಮೊದಲಿಗೆ ತಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು ಎಂದು ಕೇಳಿಕೊಳ್ಳುವ ವಾಡಿಕೆಯಿದೆ. ನಾನು ಕೇಳುವುದಿಲ್ಲ. ಈ ಮಾತುಗಳ ಬೀಜ ಬಿತ್ತಿದವರು ನೀವು. ಈಗ ಬೆಳೆ ನೋಡಿ ಮುಖ ಸಿಂಡರಿಸಿದರೆ ನಾನೇನು ಮಾಡಲಿ?

ನಮ್ಮ ಕಾಲದಲ್ಲಿ ಪ್ರತಿಯೊಬ್ಬರಿಗೂ ಆಯುಷ್ಯದಲ್ಲಿ ಒಮ್ಮೆ ಹಿಂದಿನ ಕಾಲಕ್ಕೆ ಒಂದು ಪತ್ರ ಕಳಿಸುವ ಅವಕಾಶವಿದೆ. ಅದನ್ನು ಹಿನ್ನಂಚೆ ಎನ್ನುತ್ತೇವೆ. ಹೇಗೆ ತಲುಪುತ್ತದೆ ಎಂಬುದು ನನಗೆ ಗೊತ್ತಿಲ್ಲ. ಎಮ್ಮೆ ಕಾಯುವವಳನ್ನು ಕೂರಿಸಿಕೊಂಡು ಅದನ್ನೆಲ್ಲ ಯಾರು ಹೇಳುತ್ತಾರೆ? ಜನ ಸಾಮಾನ್ಯವಾಗಿ ಮುಪ್ಪಿನಲ್ಲಿ ಬರೆಯುತ್ತಾರೆ, ಎಲ್ಲರೂ ಒಂದೇ ಮಾತು ಬರೆಯುತ್ತಾರೆ: ನೀವು ತೋರಿಸಿದ ದಾರಿಯಲ್ಲಿ ಸುಖವಾಗಿದ್ದೇವೆ, ನಿಮ್ಮ ಉಪಕಾರ ದೊಡ್ಡದು. ಎಂದಾದರೂ ಕಾರಣವಿಲ್ಲದೆ ನಿಮ್ಮ ಮನಸ್ಸು ಹಗುರಾಗಿದ್ದರೆ ಅಂಥದೊಂದು ಪತ್ರ ಬಂದು ಬಿದ್ದಿತ್ತು ಎಂದು ತಿಳಿಯಿರಿ. ನನ್ನದು ಬಂದ ದಿನ ಹೊಟ್ಟೆಯಲ್ಲಿ ಕಿವುಚಿದಂತಾಗಲಿ. ಉಂಡ ಅನ್ನ ಮೈಗೆ ಹತ್ತದಿರಲಿ.

ನಾನು ಸಾಂವಕ್ಕ. ನೀವು ಮಲಪ್ರಭೆ ಎಂದು ಕರೆಯುತ್ತಿದ್ದ ಹೊಳೆ ಹರಿಯುತ್ತಿದ್ದ ಬಯಲಿನಲ್ಲಿ, ಕರೆಮಡ್ಡಿ ಎಂಬ ಊರಿನಲ್ಲಿ ಎಮ್ಮೆ ಕಟ್ಟಿಕೊಂಡಿದ್ದೇನೆ. ಹೊಳೆ ಈಗಿಲ್ಲ. ನೀರು ನೆಲದ ಕೆಳಗಿನ ಸುರಂಗದಲ್ಲಿ ಬರುತ್ತದೆ. ಅದಕ್ಕೆ ನೀರ್ಗಂಡಿ ಎನ್ನುತ್ತೇವೆ. ನನ್ನ ಒಬ್ಬಳೇ ಮಗಳು ಕಸ್ತೂರಿ ಆ ನೀರ್ಗಂಡಿಯಲ್ಲಿ ಹೂಳು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಹೋದ ವಾರ ಸುರಂಗದ ಮೇಲ್ಭಾಗ ಕುಸಿದು ಅವಳು ಒಳಗೆ ಸಿಕ್ಕಿಕೊಂಡಳು. ಕಲ್ಲಿನಿಂದ ಗೋಡೆ ಬಡಿದಳು. ಊರಿಗೆ ಊರೇ ಆ ಸದ್ದು ಕೇಳಿತು, ಕೇಳಿ ಸುಮ್ಮನೆ ಮನೆಗೆ ಹೋಯಿತು. ಯಾಕೆ ಹೋಯಿತು ಎಂದು ಹೇಳುವುದಕ್ಕಾಗಿಯೇ ಈ ಪತ್ರ. ಅದಕ್ಕೆ ಮೂಲ ನೀವು.

ನೀವು ಮಾಡಿದ್ದೇನು ಎಂದು ನಮ್ಮ ಶಾಲೆಯಲ್ಲಿ ಪಾಠವಿದೆ. ನಿಮ್ಮ ಕೈಯಲ್ಲಿ ಸದಾ ಒಂದು ಫೋನು ಇರುತ್ತಿತ್ತಂತೆ. ಬೆಳಿಗ್ಗೆ ಎದ್ದ ಕೂಡಲೇ ಒಬ್ಬರಿಗೊಬ್ಬರು ಚಿತ್ರ ಕಳಿಸಿಕೊಳ್ಳುತ್ತಿದ್ದಿರಂತೆ. ಕೆರೆಯಲ್ಲಿ ಮಲಗಿದ ಎಮ್ಮೆ, ಬಿಸಿಲಿಗೆ ಬಿದ್ದುಕೊಂಡ ನಾಯಿ, ಗೋಡೆಯ ಮೇಲಿನ ಬೆಕ್ಕು. ಕೆಳಗೆ ನೀತಿ: ಇವುಗಳಿಗೆ ನಾಳೆಯ ಚಿಂತೆಯಿಲ್ಲ, ನಿನ್ನೆಯ ದುಃಖವಿಲ್ಲ, ಮನುಷ್ಯನೇ, ಇವುಗಳಿಂದ ಕಲಿ. ಅದನ್ನು ನೋಡಿ ಕೈ ಮುಗಿದ ಗುರುತು ಹಾಕಿ, ಮರುಗಳಿಗೆಗೆ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತ ಮುಂದಿನವನ ತಾಯಿಯನ್ನು ಬಯ್ಯುತ್ತಿದ್ದಿರಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನೀವು ಅದನ್ನು ಬರೀ ಬಾಯಿಮಾತಿಗೆ ಆಡಿ ಬಿಟ್ಟಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ನಿಮ್ಮ ಮಕ್ಕಳು ಅದನ್ನು ನಂಬಿದರು. ಮೊಮ್ಮಕ್ಕಳು ಕಾಯ್ದೆ ಮಾಡಿದರು.

ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಎಂದು ನಿಮ್ಮಲ್ಲೊಂದು ಮಾತಿತ್ತಂತೆ. ಎಷ್ಟು ಹೇಳಿದರೂ ನಾಟದವನನ್ನು ಬಯ್ಯಲು ಅದನ್ನು ಆಡುತ್ತಿದ್ದಿರಂತೆ. ನಮ್ಮಲ್ಲಿ ಅದು ಮದುವೆಯ ಹರಕೆ. ಅಕ್ಕಿಕಾಳು ಹಾಕಿ, ನಿಮ್ಮ ಬಾಳು ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಗಲಿ ಎಂದು ಹಿರಿಯರು ಹರಸುತ್ತಾರೆ, ಮದುಮಕ್ಕಳು ಬಗ್ಗಿ ನಮಸ್ಕಾರ ಮಾಡುತ್ತಾರೆ. ನಗು ಬಂದರೆ ನಗಿ. ನನ್ನ ಮದುವೆಯಲ್ಲಿ ನಾನೂ ನಕ್ಕಿದ್ದೆ, ಅತ್ತೆ ಮುಖ ಊದಿಸಿಕೊಂಡಿದ್ದಳು. ಊದಿಸಿಕೊಂಡಿದ್ದಕ್ಕೆ ಊರ ಹಿರಿಯರು ಅವಳಿಗೇ ಬುದ್ಧಿ ಹೇಳಿದರು.

ಇದು ಶುರುವಾದ ಬಗೆ ಹೇಳುತ್ತೇನೆ. ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಜನ ಚಿಂತೆಯಿಂದಲೇ ಸಾಯತೊಡಗಿದರು. ಆಗ ನಿಮ್ಮ ಮೊಮ್ಮಕ್ಕಳು ನೆಮ್ಮದಿ ಮಂಡಳಿ ಎಂದು ಒಂದನ್ನು ಕಟ್ಟಿದರು. ಪ್ರಾಣಿಗಳ ತೃಪ್ತಿಯನ್ನು ಕಣ್ಣಾರೆ ಕಂಡು ಕಲಿಯಬೇಕು ಎಂದು ಅದರ ಸದಸ್ಯರು ಹೊರಟರು. ಎಲ್ಲಿಗೆ ಹೋದರು? ಅಡವಿಗೆ ಹೋಗಲಿಲ್ಲ, ಮುಳ್ಳು ಚುಚ್ಚುತ್ತದೆ. ಊರ ಮಂದೆಗೆ ಹೋಗಲಿಲ್ಲ, ಸಗಣಿ ಮೆತ್ತುತ್ತದೆ. ಪಟ್ಟಣದ ಅಂಚಿನಲ್ಲಿ ಒಂದು ಡೈರಿ ಕೊಟ್ಟಿಗೆಯಿತ್ತು, ಸಿಮೆಂಟಿನ ನೆಲ, ಮೇಲೆ ಫ್ಯಾನು. ಅಲ್ಲಿಗೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂತರು. ಎದುರಿಗೆ ಸಾಲಾಗಿ ಎಮ್ಮೆಗಳು. ಆ ಕೊಟ್ಟಿಗೆಯಲ್ಲಿ ಕರುಗಳನ್ನು ಉಳಿಸುತ್ತಿರಲಿಲ್ಲ. ಕರು ಸತ್ತರೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದು ಅದರ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಅದನ್ನು ಮೂಸಿ, ನೆಕ್ಕಿ, ಹಾಲು ಬಿಡುತ್ತಿತ್ತು. ಇದನ್ನು ಕಂಡು ಮಂಡಳಿಯವರಿಗೆ ಕಣ್ಣು ತುಂಬಿ ಬಂತಂತೆ. ನೋಡಿ, ಕರು ಹೋಗಿದೆ, ತಾಯಿ ಎಷ್ಟು ಶಾಂತವಾಗಿ ನಿಂತಿದ್ದಾಳೆ, ಇದಕ್ಕಿಂತ ದೊಡ್ಡ ಸಮಾಧಾನ ಲೋಕದಲ್ಲಿದೆಯೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಹಿಂದಿನ ಸಾಲಿನಲ್ಲಿ ಒಂದು ಎಮ್ಮೆ ಮಾತ್ರ ಎಡೆಬಿಡದೆ ಒದರುತ್ತಿತ್ತಂತೆ. ಅದರ ಗಂಟಲು ಒಡೆದುಹೋಗಿತ್ತು, ಹಗ್ಗ ಜಗ್ಗಿ ಕುತ್ತಿಗೆಯಲ್ಲಿ ರಕ್ತ ಬಂದಿತ್ತು. ಇದೇನಿದು ಎಂದು ಅವರು ಕೇಳಿದ್ದಕ್ಕೆ ಡೈರಿಯವನು ಸಹಜವಾಗಿ, "ಅದು ಹೊಸಾದ್ರಿ. ಇನ್ನಾ ಕಲೀಬೇಕು," ಎಂದನಂತೆ. ಅವನೇನು ಕೆಟ್ಟವನಲ್ಲ, ಹೊಟ್ಟೆಪಾಡಿನವನು. ಆದರೆ ಆ ಮಾತು ಕೇಳಿ ಇವರು ಕುಣಿದಾಡಿದರು. ಅಂದರೆ ನೆಮ್ಮದಿ ಕಲಿಸಲು ಬರುತ್ತದೆ! ಒದರುವುದನ್ನು ಬಿಡಿಸಲು ಬರುತ್ತದೆ! ಇದನ್ನೇ ಕಲ್ಲಿನಲ್ಲಿ ಕೆತ್ತಿಸಿ ಪ್ರತಿ ಊರಿನ ಅಗಸಿ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಒದರುವುದು ಹೊಸಬರ ಲಕ್ಷಣ, ನಿಲ್ಲುವುದು ಬಲ್ಲವರ ಲಕ್ಷಣ. ನಮ್ಮ ಮಕ್ಕಳು ಓದಲು ಕಲಿಯುವುದೇ ಆ ಅಕ್ಷರಗಳ ಮೇಲೆ ಬೆರಳಾಡಿಸಿ. ಅಯ್ಯೋ ನಿಮ್ಮ ಜಾಣತನಕ್ಕಿಷ್ಟು ಬೆಂಕಿ ಬೀಳಲಿ, ಒದರುವ ಎಮ್ಮೆಯ ಹತ್ತಿರ ಹೋಗಿ ಯಾಕವ್ವಾ ಎಂದು ಒಬ್ಬರಾದರೂ ಕೇಳಬಾರದಿತ್ತೇ?

ಹಾಗಾಗಿ ನಾವು ಹೀಗೆ ಬಾಳುತ್ತೇವೆ. ದಾರಿಯಲ್ಲಿ ಸಿಕ್ಕರೆ "ನಿಂತೀರೇನ್ರಿ?" ಎಂದು ಕೇಳಬೇಕು, "ನಿಂತೀವ್ರಿ," ಎಂದು ಹೇಳಬೇಕು. ನಡೆದು ಹೋಗುತ್ತಿರುವವನೂ ಅದನ್ನೇ ಹೇಳುತ್ತಾನೆ. ಮಧ್ಯಾಹ್ನ ಉಂಡ ಮೇಲೆ ಮೆಲುಕಿನ ಹೊತ್ತು. ಎಲ್ಲರೂ ಕೆಲಸ ಬಿಟ್ಟು ಮನೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಅರೆಗಣ್ಣು ಮುಚ್ಚಿ, ಬಾಯಿಯಲ್ಲಿ ಏನೂ ಇಲ್ಲದೆ ದವಡೆ ಆಡಿಸುತ್ತ, ಬೆಳಗಿನಿಂದ ಮನಸ್ಸನ್ನು ಕೆಣಕಿದ್ದನ್ನೆಲ್ಲ ಒಂದೊಂದಾಗಿ ನೆನೆದು ನುಂಗಬೇಕು. ಮೆಲುಕು ಮುಗಿಸಿ ಎದ್ದವನಿಗೆ ಬೆಳಗಿನ ಜಗಳವೂ ನೆನಪಿಲ್ಲ, ಬೆಳಗಿನ ಅಕ್ಕರೆಯೂ ನೆನಪಿಲ್ಲ. ಮಗು ಅತ್ತರೆ ಕೂಸಿಗೆ ಇನ್ನೂ ಹೊಸತನ ಹೋಗಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಹೊಡೆದಾಟವಿಲ್ಲ, ಕಳ್ಳತನವಿಲ್ಲ, ಮನೆಗಳಿಗೆ ಬೀಗವಿಲ್ಲ. ನೀವು ಬಂದು ನೋಡಿದರೆ ಹಾ ಎಂಥ ಚಂದದ ಊರು ಎಂದು ಫೋಟೋ ಹೊಡೆದುಕೊಂಡು ಹೋಗುತ್ತೀರಿ, ಅದು ನನಗೆ ಗೊತ್ತು.

ಮನೆಯಲ್ಲಿ ಯಾರಾದರೂ ಸತ್ತರೆ ಹುಲ್ಲುಗರು ಕೊಡುತ್ತಾರೆ. ಸತ್ತವರು ಉಟ್ಟು ಬಿಟ್ಟ ಬಟ್ಟೆಗೆ, ಬೆವರಿನ ವಾಸನೆ ಇರುವಾಗಲೇ, ಹುಲ್ಲು ತುಂಬಿ ಹೊಲಿದ ಗೊಂಬೆ ಅದು. ಉಳಿದವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮೆಲುಕಿನ ಹೊತ್ತು ಸವರಬೇಕು. ಅಲ್ಲಿಗೆ ದುಃಖ ಮುಗಿಯಿತು. ಮರುದಿನ ಹೊಲಕ್ಕೆ ಹೋಗಬೇಕು, ರೊಟ್ಟಿ ಬಡಿಯಬೇಕು. ನಮ್ಮೂರಲ್ಲಿ ಇದನ್ನು ಹೊಲಿಯುವವಳು ತಿಪ್ಪವ್ವ, ನನ್ನ ಪಕ್ಕದ ಮನೆಯವಳು. ಅವಳ ಹೊಲಿಗೆ ಬಹಳ ಸಣ್ಣದು. ತನ್ನ ಮಗ ಈರಣ್ಣ ಜ್ವರದಲ್ಲಿ ಹೋದಾಗ ಅವನದನ್ನೂ ಅವಳೇ ಹೊಲಿದುಕೊಂಡಳು, ಸವರಿದಳು, ಮರುದಿನ ನನ್ನ ಮನೆಗೆ ಮಜ್ಜಿಗೆಗೆ ಬಂದು ನಗುತ್ತ ನಿಂತಳು. ನನ್ನ ಗಂಡ ಸತ್ತಾಗ ನನಗೂ ಒಂದು ಕೊಟ್ಟರು. ನಾನು ಅದರ ಹೊಲಿಗೆ ಬಿಚ್ಚಿ ಹುಲ್ಲನ್ನು ಎಮ್ಮೆಗೆ ಹಾಕಿ, ಅಂಗಿಯನ್ನು ಒಗೆದು ಇಟ್ಟುಕೊಂಡೆ. ಊರವರು ಬೇಸರಪಡಲಿಲ್ಲ, ಬೇಸರ ಅವರಿಗೆ ಬರುವುದಿಲ್ಲ.

ನಾನು ಯಾಕೆ ಅವರಂತೆ ಆಗಲಿಲ್ಲ ಎಂದರೆ ಅದರಲ್ಲಿ ನನ್ನ ದೊಡ್ಡಸ್ತಿಕೆ ಏನಿಲ್ಲ. ಮೆಲುಕಿನ ಹೊತ್ತಿಗೇ ಎಮ್ಮೆಗಳಿಗೆ ನೀರು ತೋರಿಸಬೇಕು, ಇಲ್ಲದಿದ್ದರೆ ಕಟ್ಟಿದ ಗೂಟ ಕಿತ್ತುಕೊಂಡು ಹೋಗುತ್ತವೆ. ಹಾಗಾಗಿ ಎಮ್ಮೆ ಕಾಯುವವರಿಗೆ ಮೆಲುಕು ಮಾಫಿ. ಕಸ್ತೂರಿಯೂ ದೊಡ್ಡವಳಾಗುವ ತನಕ ಆ ಹೊತ್ತಿನಲ್ಲಿ ನನ್ನ ಜೊತೆ ಹೊಂಡದ ದಂಡೆಯಲ್ಲೇ ಇರುತ್ತಿದ್ದಳು, ಎಮ್ಮೆಯ ಬೆನ್ನ ಮೇಲೆ ಕೂತು ಕಾಲು ನೀರಲ್ಲಿ ಬಿಟ್ಟು. ಕೆಟ್ಟ ಹಟದ ಹುಡುಗಿ. ಕೊಡು ಎಂದರೆ ಕೊಡಲೇಬೇಕು. ಸಾರಿಗೆ ಉಪ್ಪು ಕಡಿಮೆಯಾದರೆ ಗಂಗಾಳ ನೂಕುತ್ತಿದ್ದಳು. ಅವಳ ಬಾಯಿಗೆ ಹೆದರಿ ಊರ ಹುಡುಗರು ಅವಳನ್ನು ಕೇಳಿ ಬರುತ್ತಿರಲಿಲ್ಲ, ನನಗೆ ಅದೊಂದು ಕೊರಗಿತ್ತು. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಪ್ರಾಣಿಗಳಿಂದ ಕಲಿಯುವುದು ಏನೂ ಇಲ್ಲ ಎಂದು ನಾನು ಹೇಳಿದೆನೇ? ಇಲ್ಲ. ನೆಟ್ಟಗೆ ನೋಡಿದ್ದರೆ ಬೇಕಾದಷ್ಟಿತ್ತು. ನನ್ನ ಮಂದೆಯ ಹಿರಿಯಳು ಚಂದ್ರಿ ಎಂಬ ಎಮ್ಮೆ. ಮಧ್ಯಾಹ್ನ ಅವಳು ಹೊಂಡಕ್ಕಿಳಿದು ಮೂಗಷ್ಟೇ ಮೇಲೆ ಬಿಟ್ಟುಕೊಂಡು ಮಲಗಿದರೆ ನನಗೂ ನಿದ್ದೆ ಬರುತ್ತದೆ, ಅಷ್ಟು ತಂಪು ಅವಳ ಮುಖ. ಅದು ಸುಳ್ಳಲ್ಲ. ಆದರೆ ಆ ತಂಪು ಅವಳಿಗೆ ಹೇಗೆ ಬಂತು? ನೀರು ಬೇಕೆಂದು ಬೆಳಿಗ್ಗೆಯಿಂದ ಒದರಿ, ನನ್ನನ್ನು ಎಳೆದುಕೊಂಡು ಬಂದು, ನೀರು ಪಡೆದು ಮಲಗಿದ್ದಾಳೆ. ಹೊಂಡ ಬತ್ತಿದ ವರ್ಷ ಅವಳು ತಲೆಯಿಂದ ಗುಮ್ಮಿ ಬಾಗಿಲು ಮುರಿದಳು. ಒಮ್ಮೆ ಅವಳ ಕರು ಕಾಲುವೆಗೆ ಬಿತ್ತು. ಅವಳು ಒದರಿದ್ದಕ್ಕೆ ಮೇಯುತ್ತಿದ್ದ ಅಷ್ಟೂ ಎಮ್ಮೆಗಳು ಹುಲ್ಲು ಬಿಟ್ಟು ಓಡಿ ಬಂದವು. ತಮ್ಮ ಕರು ಅಲ್ಲ, ತಮಗೇನೂ ಬೇಕಿರಲಿಲ್ಲ, ಹೊಟ್ಟೆ ತುಂಬಿತ್ತು. ಆದರೂ ದಂಡೆಯ ಸುತ್ತ ನಿಂತು, ನಾನು ಇಳಿದು ಕರುವನ್ನು ಎತ್ತಿ ಮೇಲೆ ಹಾಕುವವರೆಗೆ ಒಂದೂ ಕದಲಲಿಲ್ಲ, ಒದರುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಎಲ್ಲವೂ ಹೋಗಿ ಮಲಗಿ ಮೆಲುಕು ಹಾಕಿದವು. ನೀವು ಕಂಡದ್ದು ಆ ಕೊನೆಯ ಮೆಲುಕನ್ನು ಮಾತ್ರ. ಮೊದಲಿನದೆಲ್ಲ ನಿಮ್ಮ ಚಿತ್ರದೊಳಗೆ ಹಿಡಿಸಲಿಲ್ಲ.

ಈಗ ಆದದ್ದನ್ನು ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

ಬೆಳಿಗ್ಗೆ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ನೀರ್ಗಂಡಿಯ ಒಂದು ಕಡೆ ಮೇಲ್ಗಲ್ಲುಗಳು ಕಳಚಿ ಬಿದ್ದವು. ಒಳಗೆ ಕಸ್ತೂರಿ, ಜೊತೆಗೆ ಇನ್ನಿಬ್ಬರು ಹೆಂಗಸರು. ಹೊರಗಿದ್ದವರು ಕೈಗೆ ಸಿಕ್ಕ ಕಲ್ಲು ಸರಿಸತೊಡಗಿದರು. ಅಷ್ಟಾದರೂ ಮಾಡಿದರು, ಯಾಕೆಂದರೆ ಮೈಗೆ ಇನ್ನೂ ಮನುಷ್ಯರ ಚಾಳಿ ಮರೆತಿಲ್ಲ. ಒಳಗಿನಿಂದ ಬಡಿಯುವ ಸದ್ದು ಚೆನ್ನಾಗಿ ಕೇಳುತ್ತಿತ್ತಂತೆ. ಅಷ್ಟರಲ್ಲಿ ಊಟದ ಹೊತ್ತಾಯಿತು, ಮೆಲುಕಿನ ಹೊತ್ತಾಯಿತು. ಎಲ್ಲರೂ ಮನೆಗೆ ಹೋದರು, ಉಂಡರು, ಗೋಡೆಗೆ ಒರಗಿ ಕೂತು ದವಡೆ ಆಡಿಸಿದರು. ಎದ್ದಾಗ ಯಾರ ಮನಸ್ಸಿನಲ್ಲೂ ಅವಸರ ಉಳಿದಿರಲಿಲ್ಲ. ಕೆಲವರು ಮರಳಿ ಹೋಗಿ ನೋಡಿದರು. ಸದ್ದು ಇನ್ನೂ ಇತ್ತು. ಇನ್ನೂ ಹೊಸತನ ಹೋಗಿಲ್ಲ ಎಂದು ಯಾರೋ ಅಂದರಂತೆ, ಉಳಿದವರು ಹೌದೆಂದರಂತೆ.

ನನಗೆ ಇದಾವುದೂ ಗೊತ್ತಿಲ್ಲ. ದೂರದ ಹುಲ್ಲುಗಾವಲಿಗೆ ಮಂದೆ ಹೊಡೆದುಕೊಂಡು ಹೋದವಳು ಮರುದಿನ ಬೆಳಿಗ್ಗೆ ಬಂದೆ. ಇನ್ನೂ ಎಮ್ಮೆಗಳನ್ನು ಕಟ್ಟಿರಲಿಲ್ಲ, ಊರ ಹಿರಿಯ ರೇವಣಪ್ಪ ಅಂಗಳಕ್ಕೆ ಬಂದ. ತಲೆಗೆ ರುಮಾಲು, ಮುಖದಲ್ಲಿ ನಗು, ಎರಡೂ ಕೈಯಲ್ಲಿ ಹಸುಗೂಸನ್ನು ಹಿಡಿದಂತೆ ಒಂದು ಹುಲ್ಲುಗರು. ಅದರ ಮೈಮೇಲೆ ನನ್ನ ಮಗಳ ಹಸಿರು ಕುಪ್ಪಸ. ಯಾವಾಗ ಹೋದಳು ಎಂದು ಕೇಳಿದೆ. ಅವನು ಬಹಳ ಅಂತಃಕರಣದಿಂದ ಹೇಳಿದ, "ಇನ್ನಾ ಹೋಗಿಲ್ರಿ ಸಾಂವಕ್ಕಾರ. ಬಡ್ಯಾಕತ್ತಾಳ. ಇವತ್ತಿಲ್ಲ ನಾಳಿ ನಿಲ್ತೈತಿ. ನಿಮಗ ತ್ರಾಸ ಆಗಬಾರದಂತ ಮೊದಲ ತಂದ್ವಿ."

ಮತ್ತೊಮ್ಮೆ ಓದಿ. ಬೇಕಿದ್ದರೆ ನಿಮ್ಮ ಬೆಳಗಿನ ಚಿತ್ರದ ಕೆಳಗೆ ಬರೆದುಕೊಳ್ಳಿ. ಅವನು ನನ್ನ ಮೇಲಿನ ಕರುಣೆಯಿಂದಲೇ ಬಂದಿದ್ದ, ಅದೇ ನನ್ನ ಹೊಟ್ಟೆ ಉರಿಸುತ್ತದೆ. ಕೊಂದವನಾಗಿದ್ದರೆ ಅವನ ಗಂಟಲಿಗೆ ಕೈ ಹಾಕಬಹುದಿತ್ತು. ಆ ಗೊಂಬೆಯನ್ನು ಅವನ ಮುಖಕ್ಕೆ ಎಸೆದು, ಕೊಟ್ಟಿಗೆಯ ಸರಪಳಿ ಹೆಗಲಿಗೆ ಹಾಕಿಕೊಂಡು, ದೊಡ್ಡ ಕೋಣವನ್ನೂ ಚಂದ್ರಿಯನ್ನೂ ಹೊಡೆದುಕೊಂಡು ಓಡಿದೆ.

ನೀರ್ಗಂಡಿಯ ಬಾಯಿಯಲ್ಲಿ ಸದ್ದು ಕೇಳುತ್ತಿತ್ತು. ಸಣ್ಣಗಾಗಿತ್ತು, ನಡುನಡುವೆ ನಿಲ್ಲುತ್ತಿತ್ತು. ಕಸ್ತೂರೀ ಎಂದು ಒದರಿದೆ. ಕಲ್ಲಿನ ಸಂದಿಯಿಂದ ಅವಳ ದನಿ ಬಂತು: "ಯವ್ವಾ, ನೀರು ಏರಾಕತ್ತೈತಿ. ಲಗೂನ ಬಾ." ಕೋಣಕ್ಕೆ ಸರಪಳಿ ಕಟ್ಟಿ ಕಲ್ಲು ಎಳೆಸಿದೆ. ಒಂದು ಕಲ್ಲು ಬಂದರೆ ಮೇಲಿನಿಂದ ಎರಡು ಜಾರುತ್ತಿದ್ದವು. ಹತ್ತು ಜನ ಕೈ ಹಾಕಿದ್ದರೆ ಸಾಕಿತ್ತು. ಜನ ಇದ್ದರು ಕೂಡ! ಕೆಲಸದವರು, ಊರವರು, ದಂಡೆಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು, ಕಣ್ಣಲ್ಲಿ ಒಂದಿಷ್ಟೂ ಕೆಟ್ಟತನವಿಲ್ಲ. "ಎಲೋ ಭಾಡ್ಯಾಗೋಳ್ರಾ, ಮನಷ್ಯಾರೇನ್ರೋ ನೀವು? ಒಳಗ ಜೀವ ಐತ್ರೋ!" ಎಂದು ಕೂಗಿದೆ. ಕೈ ಮುಗಿದೆ. ಮಣ್ಣಿನಲ್ಲಿ ಬಿದ್ದು ಅವರ ಕಾಲು ಹಿಡಿದೆ. ಒಬ್ಬ ಮುದುಕ ನನ್ನನ್ನು ಎಬ್ಬಿಸಿ, ಬೆನ್ನು ಸವರಿ, "ನಿಂದರವಾ, ತಂಗಿ, ನಿಂದರು," ಎಂದ. ಆಮೇಲೆ ಮೆಲುಕಿನ ಹೊತ್ತಾಯಿತು. ಎಲ್ಲರೂ ಹೋದರು.

ಕೋಣ ಮತ್ತು ಚಂದ್ರಿ ಇಬ್ಬರೇ ಎಳೆದರು. ನಾನು ಉಗುರಿನಿಂದ ಮಣ್ಣು ತೆಗೆದೆ. ಬಡಿಯುವ ಸದ್ದು ಕೇಳುತ್ತಿದ್ದಷ್ಟು ಹೊತ್ತು ಬಂದೆ ಬಂದೆ ಎನ್ನುತ್ತಲೇ ಇದ್ದೆ. ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಅದು ನಿಂತಿತು. ಕಿವಿ ಇಟ್ಟು ಕೇಳಿದೆ, ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಅದರ ನಂತರವೂ ಎಳೆಯುವುದನ್ನು ಬಿಡಲಿಲ್ಲ. ದಾರಿಯಾದಾಗ ಬೆಳಕು ಹರಿದಿತ್ತು.

ಒಳಗೆ ಆ ಇಬ್ಬರು ಹೆಂಗಸರು ಗೋಡೆಗೆ ಬೆನ್ನು ಕೊಟ್ಟು, ಅರೆಗಣ್ಣು ಮುಚ್ಚಿ ಕೂತಿದ್ದರು. ಕೈ ತೊಡೆಯ ಮೇಲಿದ್ದವು, ಕೈಯಲ್ಲಿ ಒಂದು ಗೀರೂ ಇರಲಿಲ್ಲ. ಅವರು ಬಡಿದೇ ಇರಲಿಲ್ಲ. ನನ್ನ ಮಗಳು ಕಲ್ಲಿನ ರಾಶಿಯ ಮೇಲೆ, ಎಷ್ಟು ಹತ್ತಲು ಸಾಧ್ಯವೋ ಅಷ್ಟು ಮೇಲೆ ಹತ್ತಿ, ಸಂದಿಗೆ ಬಾಯಿ ಇಟ್ಟುಕೊಂಡು ಸತ್ತಿದ್ದಳು. ಅಂಗೈಯಲ್ಲಿ ಚರ್ಮ ಇರಲಿಲ್ಲ. ಮೂವರೂ ಬಡಿದಿದ್ದರೆ, ಹೊರಗಿನವರು ಒಂದೇ ಒಂದು ಮಧ್ಯಾಹ್ನ ಮೆಲುಕು ಬಿಟ್ಟಿದ್ದರೆ, ಇವತ್ತು ಅವಳು ನನ್ನ ಮುಂದೆ ಕೂತು ಸಾರಿಗೆ ಉಪ್ಪು ಕಡಿಮೆ ಎಂದು ಗಂಗಾಳ ನೂಕುತ್ತಿದ್ದಳು.

ನಮ್ಮಲ್ಲಿ ಹೆಣದ ಮುಖ ತೀಡುವವರಿದ್ದಾರೆ. ಸತ್ತವರ ಮುಖದಲ್ಲಿ ನೋವು ಸಿಟ್ಟು ಏನಾದರೂ ಉಳಿದಿದ್ದರೆ ಬೆಚ್ಚಗಿನ ಎಣ್ಣೆ ಹಚ್ಚಿ, ನೀವಿ ನೀವಿ, ಶಾಂತವಾಗಿರುವಂತೆ ಮಾಡಿ ಆಮೇಲೆ ಮಣ್ಣು ಮಾಡುತ್ತಾರೆ. ಆ ಇಬ್ಬರಿಗೆ ಅವರ ಕೆಲಸವೇ ಬೀಳಲಿಲ್ಲ. ಎಂಥ ಚಂದದ ಸಾವು ಎಂದು ಊರೆಲ್ಲ ಹೊಗಳಿತು. ಕಸ್ತೂರಿಯ ಮುಖ ನೋಡಿ ಎಣ್ಣೆ ಬಟ್ಟಲು ಹಿಡಿದು ಬಂದರು. ಅವಳ ಹುಬ್ಬು ಗಂಟಿಕ್ಕಿತ್ತು, ಹಲ್ಲು ಕಾಣುತ್ತಿದ್ದವು. ನಾನು ಕೊಟ್ಟಿಗೆಯ ಕುಡಗೋಲು ಹಿಡಿದು ಅವಳ ತಲೆಯ ಹತ್ತಿರ ಕೂತೆ. ಮುಟ್ಟಿದರೆ ಕಡಿಯುತ್ತೇನೆ ಎಂದೆ. ಅವರು ಹೋದರು. ನನ್ನ ಮಗಳನ್ನು ಅವಳ ಸಿಟ್ಟಿನ ಸಮೇತ, ಆ ಮುಖದಲ್ಲೇ ಮಣ್ಣು ಮಾಡಿದ್ದೇನೆ.

ಅಂದಿನಿಂದ ನಾನು ಒದರುತ್ತಿದ್ದೇನೆ. ಅಳು ಎಂದು ಹೇಳಲು ಬರುವುದಿಲ್ಲ. ಹಾಡಿ ಅಳುವ ಪದಗಳೆಲ್ಲ ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೇ ಸತ್ತುಹೋಗಿವೆ. ಅಂಗಳದಲ್ಲಿ ನಿಂತು ಅವಳ ಹೆಸರು ಹಿಡಿದು ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ರೇವಣಪ್ಪ ಬಂದು ಊರ ಮೆಲುಕು ಕೆಡುತ್ತಿದೆ ಎಂದು ವಿನಯದಿಂದ ಹೇಳಿ ಹೋದ. ಕೆಡಲಿ. ಮೂರು ಸಲ ಬಂದ, ಮೂರೂ ಸಲ ಬಾಗಿಲಲ್ಲೇ ನಿಲ್ಲಿಸಿ ಅವನ ವಂಶವನ್ನೆಲ್ಲ ಬಯ್ದು ಕಳಿಸಿದೆ.

ಇವತ್ತು ಬೆಳಿಗ್ಗೆ ತಿಪ್ಪವ್ವ ಬಂದಳು. ಮಜ್ಜಿಗೆಗೆ ಬಂದಳೇನೋ ಎಂದುಕೊಂಡೆ. ತಂಬಿಗೆ ತಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ತನ್ನ ಬೆರಳು ನೋಡಿಕೊಳ್ಳುತ್ತ, ಅದೇ ಸಣ್ಣ ದನಿಯಲ್ಲಿ ಹೇಳಿದಳು: "ನಿನ್ನ ಮಗಳು ಬಡಿಯೋದು ನನಗ ಕೇಳಸ್ತಿತ್ತು ಸಾಂವಕ್ಕಾ. ಅಲ್ಲೇ ದಂಡಿ ಮ್ಯಾಲೆ ಕುಂತು ಅಕಿ ಕುಪ್ಪಸ ಹೊಲ್ಯಾಕತ್ತಿದ್ದೆ." ಅವಳು ತನ್ನ ಗಂಟಲು ಮುಟ್ಟಿ ತೋರಿಸಿದಳು. "ಇಲ್ಲೆ ಏನೋ ಸಿಕ್ಕೊಂಡೈತಿ. ಈರಣ್ಣ ಹೋದಾಗಿಂದ ಐತಿ. ನೀ ಮಾಡ್ತಿಯಲ್ಲ, ಅದನ್ನ ಹ್ಯಾಂಗ ಮಾಡ್ತಾರ? ನನಗೂ ಹೇಳಿಕೊಡವಾ." ಹೇಳಿ ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೆ ತೆರೆದಳು, ಆಕಳಿಸಿದ ಹಾಗಾಯಿತು. ಅಷ್ಟು ದೊಡ್ಡ ಹೆಂಗಸು, ಬಾಯಿ ತೆರೆದುಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಳು.

ನಾನು ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಿದೆ. ಕಲಿಸುವುದಕ್ಕೆಂದು ಹೊಡೆಯಲಿಲ್ಲ, ಕೊಲ್ಲುವಷ್ಟು ಸಿಟ್ಟಿನಿಂದಲೇ ಹೊಡೆದೆ. ಅವಳ ಬಾಯಿಂದ ಯವ್ವಾ ಎಂದು ಬಂತು. ಅದನ್ನು ಕೇಳಿ ಅವಳೇ ಬೆಚ್ಚಿದಳು. ಇನ್ನೊಮ್ಮೆ ಅಂದಳು. ಆಮೇಲೆ ಈರಣ್ಣಾ ಎಂದಳು, ಮೆಲ್ಲಗೆ ಅಂದಳು, ಜೋರಾಗಿ ಅಂದಳು, ನೆಲಕ್ಕೆ ಬಿದ್ದು ಮಣ್ಣು ಕೆರೆಯುತ್ತ ಒದರತೊಡಗಿದಳು. ನಾನು ಅವಳನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವಳ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೀದಿಯಲ್ಲಿ ಜನ ನಿಂತಿದ್ದಾರೆ. ಒಬ್ಬಳು ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಅಲುಗುತ್ತಿವೆ.

ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ, ಬೇಡಿಕೆ ಎಂದಾದರೂ ತಿಳಿಯಿರಿ, ಬೈಗುಳ ಎಂದಾದರೂ ತಿಳಿಯಿರಿ. ನಿಮ್ಮ ಕಾಲ ಬಲು ಗದ್ದಲದ್ದಂತೆ. ಆ ಗದ್ದಲದಲ್ಲಿ ಈಗಲೂ ಯಾರೋ ಗೋಡೆಯ ಆಚೆ ಬಡಿಯುತ್ತಿರಬೇಕು. ನಿಮಗೆ ಅದು ಕೇಳುತ್ತಿರಬೇಕು ಕೂಡ. ಒಳಗೆ ಜೀವ ಇರುವಾಗ ಯಾರೋ ಮುದುಕಿಯ ಪತ್ರ ಓದುತ್ತ ಕೂತಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೇ?

ಏಳಿ.

ಕಸ್ತೂರಿಯ ತಾಯಿ,
ಸಾಂವಕ್ಕ